ಮನೆಯೊಳಗಿನ ಬಾಬಾಸಾಹೇಬರು



ಜಯಂತಿಗೆ ನಾವು ಮೆರವಣಿಗೆ ತೆಗೀತೀವಿ, ನೀಲಿ ಕೋಟು ತೊಟ್ಟ ಫೋಟೋಕ್ಕ ಹಾರ ಹಾಕ್ತೀವಿ. ಆ ಕೋಟು ಕಳಚಿಟ್ಟ ಮ್ಯಾಲೆ ಬಾಬಾಸಾಹೇಬರು ಮನೆಯೊಳಗ ಹೆಂಗಿದ್ರು ಅಂತ ಕೇಳೋರು ಕಡಿಮೆ.

ಅವರ ಮೊದಲ ಮದುವೆ 1906ರಲ್ಲಿ ಮುಂಬೈಯ ಭಾಯಖಳಾ ಮೀನು ಮಾರ್ಕೆಟ್ಟಿನಲ್ಲಿ ಆಯಿತು. ರಾತ್ರಿ ವ್ಯಾಪಾರ ಮುಗಿದ ಮೇಲೆ ಆ ಕಟ್ಟೆಗಳೇ ಮಂಟಪ. ವರನಿಗೆ ಹದಿನಾಲ್ಕು-ಹದಿನೈದು, ರಮಾಬಾಯಿಗೆ ಒಂಬತ್ತರ ಆಸುಪಾಸು. ಹುಟ್ಟಿದ ಐದು ಮಕ್ಕಳಲ್ಲಿ ಉಳಿದವನು ಯಶವಂತ ಒಬ್ಬನೇ. ಗಂಡ ಪರದೇಶದಲ್ಲಿ ಓದುವಾಗ ಆ ತಾಯಿ ಇಲ್ಲಿ ಬಡತನದಲ್ಲಿ ಸಂಸಾರ ತೂಗಿಸಿದಳು.

ರಮಾಬಾಯಿಗೆ ಒಂದೇ ಆಸೆ, ನಮ್ಮ ಸೋಲಾಪುರ ಜಿಲ್ಲೆಯ ಪಂಢರಪುರಕ್ಕ ಹೋಗಿ ವಿಠೋಬನ್ನ ನೋಡೋದು. ಬಾಬಾಸಾಹೇಬರು ಒಪ್ಪಲಿಲ್ಲ. ಯಾಕಂದ್ರ ಚೋಖಾಮೇಳನ ಸಮಾಧಿ ದಾಟಿ ಒಳಗ ಹೋಗಾಕ ನಮ್ಮವರಿಗೆ ಬಿಡುತ್ತಿರಲಿಲ್ಲ. ಹೊರಗ ನಿಂತು ಕೈಮುಗಿಯೋ ದರ್ಶನ ಅವರಿಗೆ ಬ್ಯಾಡಾಗಿತ್ತು. 1935ರ ಮೇ 27ರಂದು ರಮಾಬಾಯಿ ತೀರಿಕೊಂಡರು. ಸಾನೆ ಗುರೂಜಿ ಉಪವಾಸ ಕುಂತು ಆ ಗುಡಿಯ ಬಾಗಿಲು ತೆರೆದದ್ದು 1947ರಲ್ಲಿ. ಹನ್ನೆರಡು ವರ್ಷ ತಡ. 'ಥಾಟ್ಸ್ ಆನ್ ಪಾಕಿಸ್ತಾನ್' ಪುಸ್ತಕವನ್ನು ಅವರು ಅರ್ಪಿಸಿದ್ದು ಈ ರಾಮೂಗೆ.

ಮುಂದಿನ ಮಾತು ನಮ್ಮವರಿಗೆ ಸ್ವಲ್ಪ ಕಷ್ಟದ್ದು. ಸಂವಿಧಾನದ ಕರಡು ಬರೆಯೋ ಹೊತ್ತಿಗೆ ಸಕ್ಕರೆ ಕಾಯಿಲೆ, ಕಾಲುನೋವು ಅವರನ್ನು ಹಣ್ಣು ಮಾಡಿದ್ದವು. ನಿದ್ದಿ ಇಲ್ಲ. 1948ರ ಏಪ್ರಿಲ್ 15ರಂದು, 57 ತುಂಬಿದ ಮರುದಿನ, ದಿಲ್ಲಿಯಲ್ಲಿ ಡಾಕ್ಟರ್ ಶಾರದಾ ಕಬೀರರನ್ನು ಮದುವೆಯಾದರು. ಅವರೇ ಸವಿತಾ, ನಮ್ಮ ಮಾಯಿಸಾಹೇಬ್. ಹುಟ್ಟಿನಿಂದ ಬ್ರಾಹ್ಮಣರು. ಅಡಗಿ, ಔಷಧಿ, ಇನ್ಸುಲಿನ್ ಎಲ್ಲ ಅವರ ಕೈಯಾಗ.

1951ರಲ್ಲಿ ಹಿಂದೂ ಕೋಡ್ ಬಿಲ್ ಕಟ್ಟಿಟ್ಟಾಗ ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟರು. 1952ರಲ್ಲಿ ಮುಂಬೈಯಲ್ಲಿ, 1954ರಲ್ಲಿ ಭಂಡಾರಾದಲ್ಲಿ ಲೋಕಸಭೆಗೆ ನಿಂತು ಸೋತರು. ಸಂವಿಧಾನ ಬರೆದವರನ್ನ ಎರಡು ಸಲ ಸೋಲಿಸಿದ ದೇಶ ನಮ್ದು, ನೆನಪಿರಲಿ. ಆಮೇಲೆ ದಿಲ್ಲಿಯ 26, ಅಲಿಪುರ ರೋಡಿನ ಮನೆಯೇ ಅವರ ಲೋಕ. ಕಣ್ಣು ಮಂಜಾದರೂ ಬರೆಯೋದು ನಿಲ್ಲಲಿಲ್ಲ. ಕಚೇರಿ ಕೆಲಸ ಮುಗಿಸಿ ಸಂಜಿಗೆ ಬರುತ್ತಿದ್ದ ನಾನಕ್ ಚಂದ್ ರತ್ತು ಟೈಪ್ ಮಾಡುತ್ತಿದ್ದರು.

1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಗಂಡ-ಹೆಂಡತಿ ಕೂಡಿಯೇ ಧಮ್ಮದೀಕ್ಷೆ ತಗೊಂಡರು. ಡಿಸೆಂಬರ್ 5ರ ರಾತ್ರಿ 'ಬುದ್ಧ ಅಂಡ್ ಹಿಸ್ ಧಮ್ಮ' ಪುಸ್ತಕದ ಮುನ್ನುಡಿಯ ಹಾಳೆಗಳನ್ನು ತರಿಸಿ ಬದಿಗಿಟ್ಟುಕೊಂಡು ಮಲಗಿದರು. ಬೆಳಿಗ್ಗೆ ಏಳಲಿಲ್ಲ.

ಹೆಂಡತೀನೇ ಕೊಂದಳು ಅಂತ ಸುದ್ದಿ ಹಬ್ಬಿತು. ಸರ್ಕಾರ ವಿಚಾರಣೆ ನಡೆಸಿತು, ತಪ್ಪು ಸಿಗಲಿಲ್ಲ. ಆದ್ರೂ ಬ್ರಾಹ್ಮಣತಿ ಅನ್ನೋ ಒಂದೇ ಕಾರಣಕ್ಕ ನಮ್ಮವರು ಆಕೆಯನ್ನ ದೂರ ಇಟ್ಟರು. ಜಾತಿ ನೋಡಿ ತೀರ್ಪು ಕೊಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳೋ ನಾವು! ಅದೇ ಪುಸ್ತಕದ ಮುನ್ನುಡಿಯಲ್ಲಿ ಬಾಬಾಸಾಹೇಬರು, ತಾನು ಇಷ್ಟು ದಿನ ಉಳಿದದ್ದು ಹೆಂಡತಿ ಮತ್ತು ಡಾಕ್ಟರ್ ಮಾಲ್ವಣಕರ್ ಅವರ ವೈದ್ಯದಿಂದ ಎಂದು ಬರೆದಿದ್ದರು. 1957ರಲ್ಲಿ ಪುಸ್ತಕ ಹೊರಬಂದಾಗ ಆ ಮುನ್ನುಡಿ ಅದರಲ್ಲಿ ಇರಲಿಲ್ಲ.

1990ರಲ್ಲಿ ಬಾಬಾಸಾಹೇಬರ ಭಾರತರತ್ನವನ್ನು ರಾಷ್ಟ್ರಪತಿಗಳ ಕೈಯಿಂದ ಸ್ವೀಕರಿಸಿದವರು ಈ ಮಾಯಿಸಾಹೇಬ್. 2003ರ ಮೇ 29ರಂದು ಮುಂಬೈಯಲ್ಲಿ ತೀರಿಕೊಂಡರು.