ಕುಡುಗೋಲಿನ ಕಲ್ಲು ಬೇರೆ, ಕ್ಷೌರದ ಕತ್ತಿಯ ಕಲ್ಲು ಬೇರೆ

ಕೊಯ್ಲು ಹತ್ತಿರ ಬಂತು, ಎಲ್ಲರ ಮನೆಯಲ್ಲೂ ಕುಡುಗೋಲು ಈಚೆಗೆ ಬರ್ತಾ ಇವೆ. ಸಂತೆಯಲ್ಲಿ ಸಾಣೆಕಲ್ಲು ಕೊಳ್ಳುವಾಗ "ಗಟ್ಟಿ ಕಲ್ಲು ಕೊಡಪ್ಪ" ಅಂತ ಕೇಳೋದು ನಮ್ಮ ರೂಢಿ. ಆದರೆ ಗಟ್ಟಿ ಇದ್ದರಷ್ಟೇ ಸಾಲದು. ಇದನ್ನ ನಮಗಿಂತ ಚೆನ್ನಾಗಿ ಬಲ್ಲವರು ಕ್ಷೌರಿಕರು. ಅವರ ಕಲ್ಲಿನ ಚರಿತ್ರೆ ಸ್ವಲ್ಪ ಬರೀತೀನಿ.

ಸುಮಾರು 1,950 ವರ್ಷದ ಹಿಂದೆ ರೋಮಿನ ಪ್ಲಿನಿ ಅನ್ನೋನು ಮಸೆಗಲ್ಲುಗಳನ್ನ ವಿಂಗಡಿಸಿ ಬರೆದಿಟ್ಟಿದ್ದಾನೆ. ಎಣ್ಣೆ ಹಾಕಿ ಮಸೆಯೋದು, ನೀರು ಹಾಕಿ ಮಸೆಯೋದು, ಎರಡಕ್ಕೂ ಆಗೋದು. ನಾಲ್ಕನೆಯದು ಕ್ಷೌರದಂಗಡಿಯಲ್ಲಿ ಎಂಜಲು ಹಚ್ಚಿ ಮಸೆಯೋದು! ಅಂದರೆ ಆಗಲೇ ಕ್ಷೌರದ ಕತ್ತಿಗೆ ಅಂತಲೇ ಬೇರೆ ಕಲ್ಲಿತ್ತು.

ಮುಂದೆ ಹೆಸರು ಮಾಡಿದ್ದು ಬೆಲ್ಜಿಯಂ ದೇಶದ ಆರ್ಡೆನ್ ಗುಡ್ಡಗಳ ಹಳದಿ ಕಲ್ಲು, ಕೋಟಿಕ್ಯೂಲ್. ಕಲ್ಲು ಮೆದು, ಆದರೆ ಒಳಗೆ ಗಾರ್ನೆಟ್ ಅನ್ನೋ ಗಟ್ಟಿ ಹರಳು ತುಂಬಿರುತ್ತೆ. ಒಂದೊಂದು ಹರಳೂ ಹೆಚ್ಚುಕಮ್ಮಿ ಮಿಲಿಮೀಟರಿನ ನೂರನೇ ಒಂದು ಭಾಗ. ಹಾಗಾಗಿ ಉಕ್ಕನ್ನ ನವುರಾಗಿ ಸವೆಸುತ್ತೆ.

ಇನ್ನು ನಮ್ಮ ಕಡೆಯ ಕಥೆ. ವಜ್ರ ಬಿಟ್ಟರೆ ಗಟ್ಟಿ ಅನ್ನಿಸಿಕೊಂಡ ಕುರುಂದದ ಕಲ್ಲು ಹಳೇ ಮೈಸೂರು ಸೀಮೆಯಲ್ಲೂ ಸಿಗುತ್ತೆ. ಅದನ್ನ ಪುಡಿ ಮಾಡಿ ಅರಗಿನಲ್ಲಿ ಕಲಸಿ ಸಾಣೆಚಕ್ರ ಮಾಡೋದು ನಮ್ಮ ದೇಶದ ಹಳೇ ಕಸುಬು. ಈ ಕುರುಂದ ಅನ್ನೋ ಮಾತೇ ಇಂಗ್ಲಿಷಿಗೆ ಹೋಗಿ ಕೊರಂಡಂ ಆಯ್ತು. 1891ರಲ್ಲಿ ಅಮೆರಿಕದ ಅಚೆಸನ್ ವಜ್ರ ಮಾಡೋಕೆ ಹೋಗಿ, ಜೇಡಿಮಣ್ಣು ಮತ್ತು ಕಲ್ಲಿದ್ದಲಿನ ಕೋಕ್ ಸೇರಿಸಿ ಕರೆಂಟಿನಲ್ಲಿ ಕಾಯಿಸಿದ. ಬಂದದ್ದು ಹೊಸ ಹರಳು. ಕಾರ್ಬನ್ನೂ ಕೊರಂಡಮ್ಮೂ ಕೂಡಿದೆ ಅಂದುಕೊಂಡು ಕಾರ್ಬೊರಂಡಂ ಅಂತ ಹೆಸರಿಟ್ಟ. ಇವತ್ತು ಸಂತೆಯಲ್ಲಿ ನಾವು ಕೊಳ್ಳೋ ಎರಡು ಮಗ್ಗುಲಿನ ಕಲ್ಲು ಬಹುಪಾಲು ಇದೇ. ಹೆಸರಿನಲ್ಲಿ ಅರ್ಧ ನಮ್ಮದೇ!

ಆದರೆ ಇಷ್ಟು ಗಟ್ಟಿ ಕಲ್ಲಿದ್ದರೂ ಕ್ಷೌರಿಕರು ನುಣುಪು ಕಲ್ಲನ್ನ ಬಿಡಲಿಲ್ಲ. ಯಾಕೆ ಅಂದರೆ ಅಲಗಿನ ನಯ ಬರೋದು ಹರಳಿನ ಗಾತ್ರದಿಂದ. ದಪ್ಪ ಹರಳು ಅಲಗಿನಲ್ಲಿ ಸಣ್ಣ ಸಣ್ಣ ಹಲ್ಲು ಬಿಡುತ್ತೆ. ಕುಡುಗೋಲಿಗೆ ಅದು ಒಳ್ಳೇದೇ, ರಾಗಿ ತಾಳು ಜಾರದಂತೆ ಹಿಡಿಯುತ್ತೆ. ಅದೇ ಹಲ್ಲು ಗಲ್ಲದ ಮೇಲೆ ಹೋದರೆ ರಕ್ತ. ಇನ್ನೊಂದು ಮಾತು: ಕ್ಷೌರದ ಕತ್ತಿಯ ಬೆನ್ನು ಮತ್ತು ಅಲಗು ಎರಡೂ ಒಟ್ಟಿಗೆ ಕಲ್ಲಿಗೆ ಕೂರಬೇಕು. ಕಲ್ಲು ನಡುವೆ ಗುಳಿ ಬಿದ್ದಿದ್ದರೆ ಕೋನ ಕೆಟ್ಟುಹೋಗುತ್ತೆ. ನಾನು ಚಿಕ್ಕವನಿದ್ದಾಗ ನಮ್ಮ ಜಗುಲಿಗೆ ಬರ್ತಿದ್ದ ಹಿರಿಯರೊಬ್ಬರು ತಮ್ಮ ಕಲ್ಲನ್ನ ಬಟ್ಟೆಯಲ್ಲಿ ಸುತ್ತಿ ಇಟ್ಕೊಳ್ತಿದ್ದರು, ಯಾರ ಕುಡುಗೋಲಿಗೂ ಕೊಡ್ತಿರಲಿಲ್ಲ. ಕಲ್ಲಾದ ಮೇಲೆ ತೊಗಲಿನ ಪಟ್ಟಿಗೆ ಉಜ್ಜಿ ಆಮೇಲೇ ಗಡ್ಡಕ್ಕೆ ಕೈ ಹಾಕ್ತಿದ್ದರು.

ಈಗ ಒಬ್ಬರಿಗೊಂದು ಬ್ಲೇಡು ಬಂದು ರೋಗದ ಭಯ ಕಮ್ಮಿಯಾಗಿದೆ, ಒಳ್ಳೇದೇ ಆಯ್ತು. ಕಲ್ಲು ಮಾತ್ರ ಅಟ್ಟ ಸೇರ್ತಿದೆ. ನಿಮ್ಮೂರಲ್ಲಿ ಅಂಥ ಹಳೇ ಕಲ್ಲಿದ್ದರೆ ದಯವಿಟ್ಟು ಮಚ್ಚು ಉಜ್ಜಬೇಡಿ, ಒಂದೇ ಸಲಕ್ಕೆ ಗೀರು ಬೀಳುತ್ತೆ. ಹೊಸದು ಕೊಳ್ಳೋರು ಕಲ್ಲಿನ ಮೇಲೆ ಉಗುರಾಡಿಸಿ ನೋಡಿ, ಎಲ್ಲೂ ತರಿ ತರಿ ತಗುಲಬಾರದು. ಸ್ಕೇಲ್ ಇಟ್ಟು ನೋಡಿ, ಕೆಳಗೆ ಬೆಳಕು ಕಾಣಬಾರದು. ಕುಡುಗೋಲಿಗಾದರೆ ತರಿ ಇರಲಿ, ಸಮ ಮಾತ್ರ ಇರಲೇಬೇಕು.