ನಮ್ಮ ಮಣೆ ನಾವೇ ಮಾಡಿದರೆ



ನಿಮ್ಮ ಮನೆಗೆ ಎಂದಾದರೂ ಚಪ್ಪಟೆ ರಟ್ಟಿನ ಪೆಟ್ಟಿಗೆಯಲ್ಲಿ ಪುಸ್ತಕದ ಕಪಾಟು ಬಂದಿದೆಯೇ? ಹಲಗೆಗಳು ಬೇರೆ, ಸ್ಕ್ರೂಗಳು ಬೇರೆ, ಜೊತೆಗೆ ಮೊಣಕೈಯಂತೆ ಬಾಗಿದ ಒಂದು ಪುಟ್ಟ ಕೀಲಿ. 2018ರಲ್ಲಿ ಸ್ವೀಡನ್ನಿನ ಐಕಿಯಾ ಹೈದರಾಬಾದಿನಲ್ಲಿ ತನ್ನ ಮೊದಲ ಭಾರತೀಯ ಅಂಗಡಿ ತೆರೆದ ಮೇಲೆ ಈ ಕೀಲಿ ನಮ್ಮಲ್ಲಿ ಎಷ್ಟೋ ಮನೆಗಳ ಡ್ರಾಯರಿಗೆ ಬಂದು ಸೇರಿದೆ. ಅರ್ಧ ದಿನ ನೆಲದ ಮೇಲೆ ಕೂತು, ಒಂದು ಹಲಗೆ ತಿರುಗುಮುರುಗಾಗಿ, ಮತ್ತೆ ಬಿಚ್ಚಿ ಜೋಡಿಸಿ, ಕೊನೆಗೆ ಕಪಾಟು ನಿಂತಾಗ ಆಗುವ ಸಂತೋಷ ಇದೆಯಲ್ಲ, ಅದರ ಹಿಂದೆ ಅದೇ ಸ್ವೀಡನ್ನಿನ ಇನ್ನೊಂದು ಹಳೆಯ ಕಥೆ ಇದೆ. ಇವತ್ತು ಹೇಳಬೇಕೆಂದಿರುವುದು ಅದನ್ನೇ.

ಹತ್ತೊಂಬತ್ತನೆಯ ಶತಮಾನದ ನಡುಭಾಗ. ಉತ್ತರ ಯುರೋಪಿನ ರೈತರು ಉದ್ದನೆಯ ಚಳಿಗಾಲದಲ್ಲಿ ಒಲೆಯ ಮುಂದೆ ಕೂತು ಚಾಕುವಿನಿಂದ ಸೌಟು, ಬಟ್ಟಲು, ಕುಂಟೆಯ ಹಿಡಿ ಎಲ್ಲವನ್ನೂ ಕೆತ್ತಿಕೊಳ್ಳುತ್ತಿದ್ದರು. ಕಾರ್ಖಾನೆಯ ಸಾಮಾನು ಸಂತೆಗೆ ಬಂದ ಮೇಲೆ ಈ ಕೆಲಸ ಮೂಲೆ ಸೇರತೊಡಗಿತು. ಆಗ ಫಿನ್ಲೆಂಡಿನ ಯೂನೊ ಸಿಗ್ನೇಯಸ್ ಎಂಬ ಶಿಕ್ಷಣತಜ್ಞನಿಗೆ ಒಂದು ಯೋಚನೆ ಬಂತು: ಮನೆಯಲ್ಲಿ ಸಾಯುತ್ತಿರುವ ಕೈಕೆಲಸವನ್ನು ಶಾಲೆಯಲ್ಲಿ ಉಳಿಸಿದರೆ ಹೇಗೆ? 1866ರಲ್ಲಿ ಅಲ್ಲಿನ ಪ್ರಾಥಮಿಕ ಶಾಲೆಗಳಲ್ಲಿ ಕೈಕೆಲಸ ಒಂದು ಪಾಠವಾಯಿತು.

ಇದನ್ನು ಜಗತ್ತಿಗೇ ಹಬ್ಬಿಸಿದವನು ಮಾತ್ರ ಸ್ವೀಡನ್ನಿನ ಓಟ್ಟೊ ಸಾಲೊಮನ್. ಗೋಥೆನ್‌ಬರ್ಗ್ ಊರಿನ ವ್ಯಾಪಾರಿ ಆಗಸ್ಟ್ ಅಬ್ರಹಾಮ್ಸನ್ ಎಂಬಾತ 1868ರಲ್ಲಿ ನೇಸ್ ಎಂಬಲ್ಲಿ ಸರೋವರದ ದಂಡೆಯ ಒಂದು ಎಸ್ಟೇಟು ಕೊಂಡ. ಅವನ ಸೋದರ ಸಂಬಂಧದ ಹುಡುಗನೇ ಈ ಸಾಲೊಮನ್. 1872ರಲ್ಲಿ ಇಬ್ಬರೂ ಸೇರಿ ಅಲ್ಲೊಂದು ಶಾಲೆ ತೆರೆದರು. ಮುಂದೆ ಅದು ಮೇಷ್ಟರುಗಳಿಗೇ ಮರಗೆಲಸ ಕಲಿಸುವ ಶಾಲೆಯಾಯಿತು. ಈ ವಿದ್ಯೆಯ ಹೆಸರು ಸ್ಲಾಯ್ಡ್. ನಮ್ಮ ‘ಕೈಚಳಕ’ ಎಂಬ ಮಾತು ಅದಕ್ಕೆ ಬಲು ಹತ್ತಿರ.

ಸಾಲೊಮನ್ ಹಾಕಿಕೊಂಡ ಪಾಠದ ಕ್ರಮ ನೋಡಿ. ಮಗುವಿಗೆ ಮೊದಲು ಕೊಡುವುದು ಒಂದು ಚಾಕು, ಒಂದು ಚೂರು ಮರ. ಮೊದಲ ಪಾಠ ಬರೀ ಒಂದು ಮೊನೆಯಾದ ಕಡ್ಡಿ. ಆಮೇಲೆ ಹೂಗಿಡಕ್ಕೆ ಆಸರೆ ಕೋಲು, ಸೌಟು, ಕೊಡಲಿಯ ಹಿಡಿ, ಕೊನೆಗೆ ಮೂಲೆಗಳನ್ನು ಹಲ್ಲಿಗೆ ಹಲ್ಲು ಕೂಡಿಸಿದ ಪೆಟ್ಟಿಗೆ, ಚಿಕ್ಕ ಮೇಜು. ಒಂದು ಮುಗಿಯದೆ ಮುಂದಿನದಿಲ್ಲ. ಷೋಕಿಯ ಸಾಮಾನು ಮಾಡುವಂತಿಲ್ಲ, ಮನೆಯಲ್ಲಿ ಬಳಸುವಂಥದ್ದೇ ಆಗಬೇಕು. ಮಾಡಿದ್ದು ಮಗುವಿನದೇ. ಎಲ್ಲಕ್ಕಿಂತ ನನಗೆ ಹಿಡಿಸಿದ ನಿಯಮ ಎಂದರೆ, ಮೇಷ್ಟರು ಮಗುವಿನ ಕೆಲಸಕ್ಕೆ ಕೈ ಹಚ್ಚಕೂಡದು! ಸೊಟ್ಟಗಾದರೆ ಸೊಟ್ಟಗೇ ಇರಲಿ. (ಮಕ್ಕಳ ಪ್ರಾಜೆಕ್ಟನ್ನು ರಾತ್ರಿ ಹನ್ನೊಂದಕ್ಕೆ ತಾವೇ ಕೂತು ಮುಗಿಸುವ ಅಪ್ಪ ಅಮ್ಮಂದಿರು ಇದನ್ನು ಇನ್ನೊಮ್ಮೆ ಓದಬೇಕಾಗಿ ವಿನಂತಿ.)

ಸಾಲೊಮನ್ ಇನ್ನೊಂದು ಮಾತು ಹಿಡಿದಿದ್ದ. ಈ ಪಾಠವನ್ನು ಬಡಗಿ ಹೇಳಿಕೊಡಬೇಕಿಲ್ಲ, ಓದಿಸುವ ಮೇಷ್ಟರೇ ಹೇಳಿಕೊಡಬೇಕು. ಏಕೆಂದರೆ ಉದ್ದೇಶ ಬಡಗಿಗಳನ್ನು ತಯಾರು ಮಾಡುವುದಲ್ಲ. ಕಣ್ಣು, ಕೈ, ತಾಳ್ಮೆ ಒಟ್ಟಿಗೆ ಪಳಗಬೇಕು, ಅಷ್ಟೇ. ಸಾಲೊಮನ್ 1907ರಲ್ಲಿ ತೀರಿಕೊಂಡ. ಸ್ವೀಡನ್ನಿನ ಶಾಲೆಗಳಲ್ಲಿ ಸ್ಲಾಯ್ಡ್ ಇಂದಿಗೂ ಎಲ್ಲ ಮಕ್ಕಳಿಗೂ ಕಡ್ಡಾಯ.

ಈಗ ನಮ್ಮ ಕಡೆ ತಿರುಗೋಣ. ನಮ್ಮಲ್ಲಿ ಮರಗೆಲಸಕ್ಕೇನು ಬರವೇ? ಬೇಲೂರು ಹಳೇಬೀಡಿನ ಕಲ್ಲಿಗೆ ಮೊದಲೇ ಮರ ಕೆತ್ತಿದ ನಾಡು ನಮ್ಮದು. ಆದರೆ ಮನೆಯಾತ ತನ್ನ ಖುಷಿಗೆ ಉಳಿ ಹಿಡಿಯುವುದು ನಮ್ಮಲ್ಲಿ ಕಡಿಮೆಯೇ ಇತ್ತು. ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಊರಿನ ಆಯಗಾರರಲ್ಲಿ ಬಡಗಿ ಒಬ್ಬ. ನೇಗಿಲು, ಗಾಡಿ, ಬಾಗಿಲು, ತೊಟ್ಟಿಲು ಎಲ್ಲ ಅವನ ಕೈಯದು, ಸುಗ್ಗಿಯಲ್ಲಿ ಅವನಿಗೆ ಕಾಳಿನ ಆಯ. ಪುಣೆಯಲ್ಲಿರುವ ನಿಮಗೆ ‘ಬಲುತೇದಾರ್’ ಎಂದರೆ ತಕ್ಷಣ ಗೊತ್ತಾಗುತ್ತದೆ, ಅದೇ ಏರ್ಪಾಡು. ಹುಟ್ಟಿನಿಂದ ಬಂದ ಕಸುಬು ಎಂದಮೇಲೆ ಬೇರೆಯವರು ಅದಕ್ಕೆ ಕೈ ಹಾಕುವಂತಿಲ್ಲ, ಹಾಕಿದರೆ ಮರ್ಯಾದೆಗೆ ಕಡಿಮೆ ಎಂಬ ಭಾವನೆ ಬೇರೆ. ಬಡಗಿಯ ಬುದ್ಧಿ ಎಷ್ಟು ದೊಡ್ಡದು ಎಂದು ಒಪ್ಪಿಕೊಂಡು, ಅವನನ್ನು ಮಾತ್ರ ಜಗುಲಿಯ ಕೆಳಗೆ ಕೂರಿಸಿದ ಸಮಾಜ ನಮ್ಮದು. ಇದನ್ನು ಮುಚ್ಚಿಟ್ಟು ಮರಗೆಲಸದ ಚರಿತ್ರೆ ಹೇಳಲು ಬರುವುದಿಲ್ಲ.

ಈ ಗೋಡೆಗೆ ಒಂದು ಪೆಟ್ಟು ಬಿದ್ದದ್ದು ದೂರದ ದಕ್ಷಿಣ ಆಫ್ರಿಕಾದಲ್ಲಿ. 1910ರಲ್ಲಿ ಹರ್ಮನ್ ಕ್ಯಾಲನ್‌ಬಾಕ್ ಎಂಬ ವಾಸ್ತುಶಿಲ್ಪಿ ಜೋಹಾನ್ಸ್‌ಬರ್ಗಿನ ಹತ್ತಿರ ತನ್ನ 1100 ಎಕರೆ ಜಮೀನನ್ನು ಸತ್ಯಾಗ್ರಹಿಗಳ ಕುಟುಂಬಗಳಿಗೆ ಬಿಟ್ಟುಕೊಟ್ಟ. ಅದೇ ಟಾಲ್‌ಸ್ಟಾಯ್ ಫಾರ್ಮ್. ಕ್ಯಾಲನ್‌ಬಾಕ್‌ಗೆ ಮರಗೆಲಸ ಗೊತ್ತಿತ್ತು. ಬೆಂಚಿನಿಂದ ಪೆಟ್ಟಿಗೆಯವರೆಗೆ ಬೇಕಾದ್ದನ್ನೆಲ್ಲ ಅಲ್ಲಿದ್ದವರೇ ಮಾಡಿಕೊಂಡರು ಎಂದು ಗಾಂಧೀಜಿ ಬರೆದಿದ್ದಾರೆ. ಬ್ಯಾರಿಸ್ಟರ್ ಗಾಂಧಿ ಅಲ್ಲಿ ಚಪ್ಪಲಿ ಹೊಲಿಯುವುದನ್ನೂ ಕಲಿತರು. ಮುಂದೆ 1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಶಿಕ್ಷಣ ಸಮ್ಮೇಳನ ಸೇರಿತು. ಡಾ. ಝಾಕಿರ್ ಹುಸೇನ್ ಸಮಿತಿ ಬುನಾದಿ ಶಿಕ್ಷಣದ ಪಠ್ಯ ಸಿದ್ಧಪಡಿಸಿದಾಗ ನೂಲುವುದು, ನೇಯುವುದರ ಜೊತೆ ಮರಗೆಲಸವೂ ಅದರಲ್ಲಿ ಸೇರಿತ್ತು. ನಮ್ಮ ಹಿರಿಯ ಕೇಳುಗರಲ್ಲಿ ಕೆಲವರಿಗೆ ಶಾಲೆಯ ಕ್ರಾಫ್ಟ್ ಪೀರಿಯಡ್ಡು, ಮರದ ಹೊಟ್ಟಿನ ವಾಸನೆ ನೆನಪಿರಬಹುದು. ಮಾರ್ಕ್ಸಿಗೆ ಲೆಕ್ಕವಿಲ್ಲದ ಪೀರಿಯಡ್ಡು ಎಂದು ಅದನ್ನು ಗಣಿತಕ್ಕೆ ಕೊಟ್ಟ ಶಾಲೆಗಳೂ ಇದ್ದವು, ನನ್ನದೂ ಅಂಥದ್ದೇ ಒಂದು.

ಹವ್ಯಾಸಿ ಬಡಗಿ ಎಂದರೆ ನನಗೆ ಥಟ್ಟನೆ ನೆನಪಾಗುವವರು ಶಾಂತಿನಿಕೇತನದ ರಥೀಂದ್ರನಾಥ ಠಾಕೂರರು. ರವೀಂದ್ರರ ಮಗ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಕೃಷಿ ಓದಿ ಬಂದವರು, 1951ರಲ್ಲಿ ವಿಶ್ವಭಾರತಿ ಕೇಂದ್ರೀಯ ವಿಶ್ವವಿದ್ಯಾಲಯವಾದಾಗ ಅದರ ಮೊದಲ ಉಪಕುಲಪತಿ. ಇಷ್ಟೆಲ್ಲ ಇದ್ದೂ ಅವರ ಪ್ರಾಣ ಇದ್ದದ್ದು ಗುಹಾಘರ್ ಎಂಬ ತಮ್ಮ ಕಾರ್ಯಾಗಾರದಲ್ಲಿ. ಮೇಲಿನ ಅಂತಸ್ತು ಹೆಂಡತಿ ಪ್ರತಿಮಾದೇವಿಯವರ ಚಿತ್ರಶಾಲೆ, ಕೆಳಗೆ ಇವರ ಉಳಿ, ಗರಗಸ. ಮೇಜು ಕುರ್ಚಿಗಳ ವಿನ್ಯಾಸ ಮಾಡಿದರು, ಒಂದು ಮರದೊಳಗೆ ಇನ್ನೊಂದು ಬಣ್ಣದ ಮರ ಕೂರಿಸಿ ಪೆಟ್ಟಿಗೆಗಳನ್ನು ಮಾಡಿದರು. ನಮ್ಮ ಮೈಸೂರಿನ ಬೀಟೆ ಮರದ ಇನ್ಲೇ ಕೆಲಸ ಕಂಡವರಿಗೆ ಇದರ ಕಷ್ಟ ಗೊತ್ತು.

ಇತ್ತ ಹೊರದೇಶದಲ್ಲಿ ಹವ್ಯಾಸ ಬೇರೆಯೇ ದಾರಿ ಹಿಡಿಯಿತು. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕರ್‌ನವರಿಗೆ ಪಿಸ್ತೂಲಿನಂತೆ ಹಿಡಿದು ಒತ್ತುವ ವಿದ್ಯುತ್ ಡ್ರಿಲ್ಲಿಗೆ ಪೇಟೆಂಟು ಸಿಕ್ಕಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1946ರಲ್ಲಿ, ಅದು ಮನೆಬಳಕೆಗೂ ಬಂತು. ಇಂಗ್ಲೆಂಡಿನಲ್ಲಿ 1950ರ ದಶಕದಲ್ಲಿ ಬ್ಯಾರಿ ಬಕ್‌ನೆಲ್ ಎಂಬಾತ ಬಿಬಿಸಿ ಟೀವಿಯಲ್ಲಿ ನೇರಪ್ರಸಾರದಲ್ಲೇ ಕಪಾಟು ಹೊಡೆದು ತೋರಿಸುತ್ತಿದ್ದ. ಕೆಲವೊಮ್ಮೆ ಅದು ಅಲ್ಲೇ ಬಿದ್ದೂಹೋಗುತ್ತಿತ್ತು! ಹಳೆಯ ಕೆತ್ತನೆಯ ಬಾಗಿಲಿಗೆ ಹಾರ್ಡ್‌ಬೋರ್ಡು ಹೊಡೆದು ನುಣ್ಣಗೆ ಮಾಡುವುದನ್ನು ದೇಶಕ್ಕೇ ಕಲಿಸಿದವನೂ ಅವನೇ. ಅದನ್ನು ಕೀಳಲು ಮುಂದಿನ ತಲೆಮಾರು ಬೆವರು ಸುರಿಸಿತು. ಆದರೆ 1963ರಲ್ಲಿ ಅವನೂ ಜ್ಯಾಕ್ ಹೋಲ್ಟ್ ಎಂಬಾತನೂ ಸೇರಿ ಮಾಡಿದ ಮಿರರ್ ಎಂಬ ಹಾಯಿದೋಣಿಗೆ ಎಲ್ಲ ಮಾಫಿ. ಪ್ಲೈವುಡ್ ತುಂಡುಗಳನ್ನು ತಾಮ್ರದ ತಂತಿಯಲ್ಲಿ ಹೊಲಿದು, ಸಂದಿಗೆ ಅಂಟುಪಟ್ಟಿ ಹಚ್ಚಿ, ಮನೆಯ ಶೆಡ್ಡಿನಲ್ಲೇ ಸಾವಿರಾರು ಜನ ದೋಣಿ ಕಟ್ಟಿಕೊಂಡರು.

ನಮ್ಮ ಮನೆಗಳಿಗೆ ಮರಗೆಲಸ ತಂದದ್ದು ಡ್ರಿಲ್ಲಿಗಿಂತ ಹೆಚ್ಚಾಗಿ ಅಂಟು ಎಂದು ನನ್ನ ಅಭಿಪ್ರಾಯ. ಹಿಂದೆ ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದ ಅಂಟನ್ನು ಬಡಗಿ ಒಲೆಯ ಮೇಲೆ ಕಾಯಿಸಿ ಬಿಸಿಬಿಸಿ ಹಚ್ಚಬೇಕಿತ್ತು. ದೆಹಲಿಯಲ್ಲಿ ಅದಕ್ಕೆ ಸರೇಸ್ ಎನ್ನುತ್ತಾರೆ, ಚೆನ್ನೈನಲ್ಲಿ ವಜ್ಜಿರಂ. ಆ ವಾಸನೆಯನ್ನು ಯಾವ ಗೃಹಿಣಿ ಒಳಗೆ ಬಿಟ್ಟುಕೊಂಡಾಳು? 1959ರಲ್ಲಿ ಮುಂಬಯಿಯ ಬಲವಂತ ಪಾರೇಖರು ಫೆವಿಕಾಲ್ ತಂದರು. ಬಿಳಿ, ತಣ್ಣಗೆ, ಒಲೆ ಬೇಡ.

ಹಾಗೆಂದು ಅಂಟನ್ನು ಅತಿಯಾಗಿ ನಂಬಬಾರದು ಎಂದು ನಾನು ಕಲಿತದ್ದು ಒಂದು ಮಣೆಯಿಂದ. ಡಬ್ಬಲ್ ಬೆಡ್‌ರೂಮಿನ ಫ್ಲ್ಯಾಟಿನ ಬಾಲ್ಕನಿಯಲ್ಲಿ ಕೂತು ಊಟದ ಮಣೆ ಮಾಡಿದೆ. ಒಂದೂವರೆ ಅಡಿ ಉದ್ದ, ಒಂದಡಿ ಅಗಲದ ಸಾಗವಾನಿ ಹಲಗೆ, ಅಡಿಯಲ್ಲಿ ಅಡ್ಡಕ್ಕೆ ಎರಡು ಪಟ್ಟಿ. ಪಟ್ಟಿಗಳನ್ನು ಧಾರಾಳ ಅಂಟು ಸುರಿದು ಭದ್ರಪಡಿಸಿದೆ. ಅದು ಜುಲೈ ತಿಂಗಳು. ಫೆಬ್ರವರಿಯಲ್ಲಿ ನೋಡಿದರೆ ಹಲಗೆಯ ನಟ್ಟನಡುವೆ ಉದ್ದಕ್ಕೆ ಬಿರುಕು!

ಪಕ್ಕದ ಮನೆಗೆ ಕೆಲಸಕ್ಕೆ ಬಂದಿದ್ದ ಸುತಾರ್ ಮಿಸ್ತ್ರಿ ತಿರುಗಿಸಿ ನೋಡಿ ನಕ್ಕ. ಮರ ಮಳೆಗಾಲದಲ್ಲಿ ಅಗಲಕ್ಕೆ ಉಬ್ಬುತ್ತದೆ, ಒಣ ಹವೆಯಲ್ಲಿ ಕುಗ್ಗುತ್ತದೆ, ಉದ್ದಕ್ಕೆ ಮಾತ್ರ ಹೆಚ್ಚುಕಡಿಮೆ ಇದ್ದ ಹಾಗೇ ಇರುತ್ತದೆ. ಅಡ್ಡಪಟ್ಟಿಗೆ ಅಂಟಿಸಿ ಕಟ್ಟಿಹಾಕಿದರೆ ಕುಗ್ಗಲು ಜಾಗವೆಲ್ಲಿ? ಪಟ್ಟಿಗೆ ಅಂಟು ಬೇಡ, ಸ್ಕ್ರೂ ಸಾಕು, ಅದರ ತೂತನ್ನೂ ಸ್ವಲ್ಪ ಉದ್ದಕ್ಕೆ ಕೊರೆಯಬೇಕು ಎಂದ. ನಾನು ಅವನ ಕೈಗೆ ಡ್ರಿಲ್ಲು ಕೊಡಲು ಹೋದೆ. ‘ಆಪ್ ಕೀಜಿಯೇ ಸಾಬ್’ ಎಂದು ಅವನು ಕೈ ಕಟ್ಟಿ ನಿಂತ. ನೇಸ್‌ನ ನಿಯಮ ಅವನಿಗೆ ಯಾರು ಹೇಳಿಕೊಟ್ಟಿದ್ದರೋ!

ಎರಡನೆಯ ಮಣೆ ಮೂರು ಮಳೆಗಾಲ ಕಂಡಿದೆ. ಒಂದು ಮೂಲೆ ಸ್ವಲ್ಪ ಅಲುಗಾಡುತ್ತದೆ, ಅಡಿಗೆ ಮಡಚಿದ ಕಾಗದ ಇಟ್ಟಿದ್ದೇನೆ. ನೀವು ಮಾಡಿದ ಸ್ಟೂಲು, ಚೆನ್ನೆಮಣೆ, ದೇವರ ಪೀಠ ಯಾವುದಾದರೂ ಇದ್ದರೆ ಬರೆದು ತಿಳಿಸಿ. ಸೊಟ್ಟಗಿದ್ದರೂ ಪರವಾಗಿಲ್ಲ.