ಹಳೆಯ ಪಾಮ್ ಎಂ500: ಮಾಹಿತಿ ಉಳಿಸಿಕೊಳ್ಳುವುದು ಹೇಗೆ?

2001ರಲ್ಲಿ ಬಂದ ಪಾಮ್ ಎಂ500 ಆರ್ಗನೈಸರ್‌ನಲ್ಲಿರುವುದು 8 ಎಂಬಿ ಮೆಮೊರಿ ಮಾತ್ರ. ವಿಳಾಸ, ದಿನಚರಿ, ಟಿಪ್ಪಣಿ ಎಲ್ಲವೂ ರ‍್ಯಾಮ್‌ನಲ್ಲೇ ಇರುವುದರಿಂದ, ಬ್ಯಾಟರಿ ಪೂರ್ತಿ ಖಾಲಿಯಾದರೆ ಅವೆಲ್ಲ ಅಳಿಸಿಹೋಗುತ್ತವೆ.

ಇದಕ್ಕೆ ಪರಿಹಾರ ಹಾಟ್‌ಸಿಂಕ್. ಕಂಪ್ಯೂಟರ್‌ಗೆ ಪಾಮ್ ಡೆಸ್ಕ್‌ಟಾಪ್ ತಂತ್ರಾಂಶ ಹಾಕಿಕೊಂಡು, ಸಾಧನವನ್ನು ಕ್ರೇಡಲ್‌ನಲ್ಲಿಟ್ಟು ಗುಂಡಿ ಒತ್ತಿದರೆ ಮಾಹಿತಿಯ ಪ್ರತಿ ಕಂಪ್ಯೂಟರ್‌ನಲ್ಲೂ ಉಳಿಯುತ್ತದೆ. ಮುಂದೆ ಮೆಮೊರಿ ಅಳಿಸಿಹೋದರೂ, ಹಳೆಯ ಬಳಕೆದಾರರ ಹೆಸರನ್ನೇ ಆರಿಸಿ ಸಿಂಕ್ ಮಾಡಿದರೆ ಅದು ಮರಳುತ್ತದೆ. ಯುಎಸ್‌ಬಿ ಹಾಟ್‌ಸಿಂಕ್‌ಗೆ 64 ಬಿಟ್ ವಿಂಡೋಸ್‌ನ ಬೆಂಬಲವಿಲ್ಲ. 32 ಬಿಟ್‌ನ ಹಳೆಯ ಕಂಪ್ಯೂಟರ್ ಇದ್ದರೆ ಒಳ್ಳೆಯದು.

ಜಾಗ ಸಾಲದಿದ್ದರೆ ಮೇಲ್ಭಾಗದ ಸ್ಲಾಟ್‌ಗೆ ಎಸ್‌ಡಿ ಅಥವಾ ಎಂಎಂಸಿ ಕಾರ್ಡ್ ಹಾಕಬಹುದು. ಇ-ಪುಸ್ತಕ, ಅಪ್ಲಿಕೇಶನ್‌ಗಳನ್ನು ಅಲ್ಲಿಗೆ ಸಾಗಿಸಿದರೆ ಬ್ಯಾಟರಿ ಮುಗಿದರೂ ಉಳಿಯುತ್ತವೆ. ವಿಳಾಸ, ದಿನಚರಿಗೆ ಮಾತ್ರ ಹಾಟ್‌ಸಿಂಕ್ ಮರೆಯಬೇಡಿ.